ಹಸಿ ಗೋಡೆ

ಮಲೆನಾಡಿನವರಿಗೆ ತೇವದ ಬಗ್ಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಆಷಾಢದಲ್ಲಿ ಟ್ರಂಕಿನೊಳಗಿನ ರೇಷ್ಮೆ ಸೀರೆಯ ಮೇಲೆ ಬಿಳಿ ಬೂಷ್ಟು, ಬಾಗಿಲ ಸಂದಿಯ ಚಪ್ಪಲಿಯ ಮೇಲೆ ಹಸಿರು ಬೂಷ್ಟು, ಗೋಡೆಗೆ ತಾಗಿಸಿಟ್ಟ ಪುಸ್ತಕದ ಬೆನ್ನಿಗೆ ಕರಿ ಚುಕ್ಕೆಯ ಬೂಷ್ಟು. ಇಷ್ಟನ್ನು ಬಣ್ಣದಿಂದಲೇ ಗುರುತಿಸಬಲ್ಲವರು ನಾವು. ಉಪ್ಪಿನ ಮರಿಗೆಯಲ್ಲಿ ನೀರು ನಿಲ್ಲುತ್ತದೆ. ಬೆಂಕಿಪೆಟ್ಟಿಗೆಯನ್ನು ರಾತ್ರಿ ಒಲೆಯ ದಂಡೆಯ ಮೇಲೆ ಇಡದಿದ್ದರೆ ಬೆಳಗಿನ ಕಾಫಿಗೆ ಸಂಚಕಾರ. ಒಗೆದ ಬಟ್ಟೆ ಬಚ್ಚಲ ಒಲೆಯ ಮೇಲಿನ ಗಳದಲ್ಲಿ ಮೂರು ದಿನ ತೂಗಿ, ಹೊಗೆಯ ವಾಸನೆ ಹೊತ್ತುಕೊಂಡೇ ಮೈಗೇರುತ್ತದೆ. ಆಗುಂಬೆಯ ಕಡೆ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆಂದು ಪ್ರತಿ ವರ್ಷ ಎಂಟನೇ ತರಗತಿಗೆ ಹೇಳುವ, ಸಾಗರದ ಹತ್ತಿರದ ಹಳ್ಳಿಯೊಂದರ ಪ್ರೌಢಶಾಲೆಯ ಸಮಾಜ ಟೀಚರು ನಾನು. ಇಂಥವಳು ವರ್ಷಕ್ಕೆ ಎಂಟುನೂರು ಮಿಲಿಮೀಟರಿನ ಆಸುಪಾಸು ಮಳೆಯಾಗುವ ಊರಿಗೆ ಹೋಗಿ, ಮೂರು ತಿಂಗಳು ಒಂದು ಗೋಡೆಯ ತೇವದ ಲೆಕ್ಕ ಬರೆಯುತ್ತ ಕೂತೆ ಎಂದರೆ ನೀವು ನಗಬಹುದು. ಅಡ್ಡಿಯಿಲ್ಲ, ನಮ್ಮ ಶಾಲೆಯ ಸ್ಟಾಫ್ ರೂಮೂ ನಕ್ಕಿತ್ತು.

ನನ್ನ ಮಗಳು ಅಳಿಯ ಇರುವುದು ಕೆನಡಾದ ಒಂಟಾರಿಯೊ ಪ್ರಾಂತದಲ್ಲಿ, ಟೊರೊಂಟೊದಿಂದ ಪಶ್ಚಿಮಕ್ಕೆ ಸುಮಾರು 50 ಕಿಲೋಮೀಟರ್ ದೂರದ ಮಿಲ್ಟನ್ ಎಂಬಲ್ಲಿ. (ಬಿ.ಎ.ಯಲ್ಲಿ ನಮ್ಮನ್ನು ಬೆವರಿಳಿಸಿದ ಕವಿಯ ಹೆಸರಿನ ಊರೂ ಒಂದಿದೆಯೆಂದು ನನಗೆ ತಿಳಿದದ್ದು ಆಗಲೇ.) ಮೆಕ್ಕೆಜೋಳದ ಹೊಲಗಳಿದ್ದ ಕಡೆ ಈಗ ಒಂದೇ ಅಚ್ಚಿನಲ್ಲಿ ತೆಗೆದ ಹಾಗೆ ಮನೆಗಳ ಸಾಲು. ಅಂಥದ್ದರಲ್ಲಿ ಒಂದರ ಕೀಲಿಕೈ 2022ರ ನವೆಂಬರಿನಲ್ಲಿ ಇವರ ಕೈಗೆ ಬಂತು. ಸಾಲ 25 ವರ್ಷದ್ದು. ಸಾಲ ಮಾಡಿದ ಕಾಲವೂ ಎಂಥದು ನೋಡಿ, 2022ರ ಆರಂಭದಲ್ಲಿ ಶೇಕಡಾ 0.25 ಇದ್ದ ಅಲ್ಲಿನ ಕೇಂದ್ರ ಬ್ಯಾಂಕಿನ ಬಡ್ಡಿದರ 2023ರ ಜುಲೈ ಹೊತ್ತಿಗೆ ಶೇಕಡಾ 5ಕ್ಕೆ ಹತ್ತಿ ಕೂತಿತ್ತು. ಫೋನಿನಲ್ಲಿ ಮಗಳು ಇದನ್ನೆಲ್ಲ ಹೇಳುವವಳಲ್ಲ. ಊಟವಾಯಿತೇ, ಮಳೆ ಬಂತೇ, ಅಡಿಕೆಗೆ ಕೊಳೆ ಬಂತೇ ಎನ್ನುವುದರಲ್ಲೇ ಮಾತು ಮುಗಿಸುತ್ತಿದ್ದಳು.

ಆದರೆ ಒಂದು ಮಾತನ್ನು ಮಾತ್ರ ಮತ್ತೆ ಮತ್ತೆ ಹೇಳಿದ್ದಳು: "ಅಮ್ಮ, ಕೆಳಗೆ ಬೇಸ್‌ಮೆಂಟಿನಲ್ಲಿ ನಿನಗೆ ಅಂತ ಒಂದು ಕೋಣೆ ಮಾಡಿಸ್ತೀವಿ. ಬಚ್ಚಲು ಸೇರಿಸಿ. ರಿಟೈರ್ ಆದ ಮೇಲೆ ನೀನು ಇಲ್ಲೇ ಇರಬಹುದು." ಇವರು ಹೋದ ಮೇಲೆ ನಾನು ಒಬ್ಬಳೇ ಇರುವುದು ಅವಳಿಗೆ ಮನಸ್ಸಿನಲ್ಲಿ ಮುಳ್ಳು. ಮಗಳ ಮನೆಯಲ್ಲಿ ಹೋಗಿ ಕೂರುವುದೆಂದರೆ ನಮ್ಮ ಕಾಲದವರಿಗೆ ಇನ್ನೊಂದು ಮುಳ್ಳು. ಆ ವಿಷಯ ಇರಲಿ.

2023ರ ಏಪ್ರಿಲಿನಲ್ಲಿ, ಬೇಸಿಗೆ ರಜೆಗೆ ಗಳಿಕೆ ರಜೆಯನ್ನೂ ಜೋಡಿಸಿಕೊಂಡು ಹೊರಟೆ. ಹೋದ ದಿನವೇ ಮೊಮ್ಮಗ ಕೈಹಿಡಿದು ಕೆಳಗೆ ಕರೆದುಕೊಂಡು ಹೋಗಿ "ಅಜ್ಜಿ ರೂಮು" ಎಂದು ತೋರಿಸಿದ. ಕೋಣೆ ಎಲ್ಲಿ ಬಂತು! ಇಡೀ ಮನೆಯಷ್ಟೇ ಅಗಲದ ಒಂದು ಗವಿ. ನೆಲವೂ ಕಾಂಕ್ರೀಟು, ಗೋಡೆಯೂ ಕಾಂಕ್ರೀಟು. ಮೇಲೆ ತೊಲೆಗಳು, ಕೊಳವೆಗಳು, ಮೂಲೆಯಲ್ಲಿ ಮನೆ ಬಿಸಿಮಾಡುವ ಯಂತ್ರ. ಕಿಟಕಿಗಳು ನಮ್ಮ ಅಟ್ಟದ ಗವಾಕ್ಷಿಯಷ್ಟು.

ಅಲ್ಲಿ ಎಲ್ಲ ಮನೆಗೂ ಹೀಗೊಂದು ನೆಲಮಾಳಿಗೆ ಯಾಕೆಂದು ಅಳಿಯನನ್ನು ಕೇಳಿದೆ. ಚಳಿಗಾಲದಲ್ಲಿ ಮೇಲಿನ ಮಣ್ಣು ಹೆಪ್ಪುಗಟ್ಟುತ್ತದೆ, ಹೆಪ್ಪುಗಟ್ಟಿದ ಮಣ್ಣು ಉಬ್ಬಿ ಅಡಿಪಾಯವನ್ನೇ ಎತ್ತಿಬಿಡುತ್ತದೆ, ಹಾಗಾಗಿ ಪಾಯ ಆ ಕಡೆ ಕನಿಷ್ಠ ನಾಲ್ಕು ಅಡಿಯಾದರೂ ಕೆಳಗೆ ಇಳಿಯಬೇಕು. ಅಷ್ಟು ತೋಡಿದ ಮೇಲೆ ಇನ್ನು ನಾಲ್ಕು ಅಡಿ ತೋಡಿದರೆ ಒಂದು ಅಂತಸ್ತೇ ಸಿಗುತ್ತದಲ್ಲ ಎಂಬುದು ಲೆಕ್ಕ. ಮೆಚ್ಚಬೇಕಾದ ಲೆಕ್ಕವೇ.

ಆ ಕಾಂಕ್ರೀಟಿನ ಗೋಡೆಗೆ ಒಳಗಿನಿಂದ ಮೇಲಿಂದ ಕೆಳಗಿನವರೆಗೆ ಒಂದು ಹೊದಿಕೆ. ಇನ್ಸುಲೇಷನ್ ಎನ್ನುತ್ತಾರೆ. ಗಾಜನ್ನು ಕರಗಿಸಿ ಎಳೆ ಎಳೆಯಾಗಿ ತೆಗೆದ ಹತ್ತಿ, ಜಾತ್ರೆಯ ಬೊಂಬಾಯಿ ಮಿಠಾಯಿಯ ಗುಲಾಬಿ ಬಣ್ಣದ್ದು. ಕಂಬಳಿ ಮೈಯನ್ನು ಬೆಚ್ಚಗಿಡುವುದು ಉಣ್ಣೆಯ ನಡುವೆ ಸಿಕ್ಕಿಕೊಂಡ ಗಾಳಿಯಿಂದಲ್ಲವೇ, ಇದೂ ಹಾಗೆಯೇ. ಅದರ ಮೇಲೆ ಬಿಗಿಯಾಗಿ ಪಾರದರ್ಶಕ ಪ್ಲಾಸ್ಟಿಕ್ ಹಾಳೆ. ಚಳಿಗಾಲದಲ್ಲಿ ಮನೆಯೊಳಗಿನ ಬಿಸಿ ಗಾಳಿಯ ತೇವ ಆ ಹತ್ತಿಯನ್ನು ದಾಟಿ ಹೋಗಿ ತಣ್ಣನೆಯ ಕಾಂಕ್ರೀಟಿಗೆ ತಾಗದಿರಲೆಂದು ಈ ಪ್ಲಾಸ್ಟಿಕ್. ಮಳೆಗಾಲದಲ್ಲಿ ನಾವು ಕಂಬಳಿ ಕೊಪ್ಪೆಯ ಮೇಲೆ ಪ್ಲಾಸ್ಟಿಕ್ ಹೊದೆಯುವುದಿಲ್ಲವೇ, ಥೇಟು ಅದೇ.

ಮೇ ತಿಂಗಳ ಕೊನೆಯವರೆಗೆ ಏನೂ ಕಾಣಲಿಲ್ಲ. ಜೂನಿನಲ್ಲಿ ಸೆಕೆ ಏರಿತು. ಒಂದು ಮಧ್ಯಾಹ್ನ ಬಟ್ಟೆ ಒಗೆಯುವ ಯಂತ್ರದ ಹತ್ತಿರ ಹೋದವಳಿಗೆ ಮೂಗಿಗೆ ಊರಿನ ವಾಸನೆ ಬಡಿಯಿತು. ಮುಗ್ಗಲು! ಆಷಾಢದ ಕತ್ತಲೆ ಕೋಣೆಯ ವಾಸನೆ, ಏಳು ಸಮುದ್ರದಾಚೆ. ಸುತ್ತ ನೋಡಿದೆ. ದಕ್ಷಿಣದ ಗೋಡೆಯ ಪ್ಲಾಸ್ಟಿಕ್ಕಿನ ಹಿಂಬದಿಯಲ್ಲಿ, ಇಡ್ಲಿ ಪಾತ್ರೆಯ ಮುಚ್ಚಳದ ಒಳಗೆ ನಿಲ್ಲುತ್ತದಲ್ಲ, ಹಾಗೆ ಸಾಲುಸಾಲು ಹನಿಗಳು. ಕೆಲವು ಕೂಡಿಕೊಂಡು ಕೆಳಗೆ ಜಾರುತ್ತಿದ್ದವು. ಬುಡದಲ್ಲಿ ಕೈಯಿಟ್ಟು ಒತ್ತಿದರೆ ಹೊದಿಕೆ ಹಸಿ ಹಸಿಯಾಗಿ ಕುಸಿಯಿತು. ಒದ್ದೆಯಾದ ಕಂಬಳಿಯಲ್ಲಿ ಬಿಸಿ ಎಲ್ಲಿಂದ ಬರಬೇಕು? ನೀರು ಹೊಕ್ಕ ಮೇಲೆ ಗಾಳಿಗೆ ಜಾಗವೇ ಇಲ್ಲ.

ಮಗಳು ಕಟ್ಟಿದವರಿಗೆ ಕಾಗದ ಹಾಕಿದಳು. ಒಂದು ವಾರದ ಮೇಲೆ ಒಬ್ಬ ಹುಡುಗ ಬಂದ. ಸೌಮ್ಯ ಹುಡುಗ, ಬೂಟು ಕಳಚಿಯೇ ಒಳಗೆ ಬಂದ. ಕೈಯಲ್ಲಿದ್ದ ಟ್ಯಾಬ್ಲೆಟ್ಟಿನಲ್ಲಿ ಎರಡು ಚಿತ್ರ ತೆಗೆದುಕೊಂಡು, "ಹೊಸ ಮನೆ, ಇದು ಸಹಜ. ಕಿಟಕಿ ತೆರೆದಿಡಿ, ಮನೆ ಉಸಿರಾಡಲಿ" ಎಂದು ಹೇಳಿ ಹತ್ತೇ ನಿಮಿಷದಲ್ಲಿ ಹೊರಟ.

ಅವನು ಹೇಳಿದ್ದರಲ್ಲಿ ಅರ್ಧ ನಿಜ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಒಂದು ಘನ ಮೀಟರ್ ಕಾಂಕ್ರೀಟು ಕಲಸಲು ಸುಮಾರು 150ರಿಂದ 180 ಲೀಟರ್ ನೀರು ಬೇಕು. ಅದರಲ್ಲಿ ಸರಿಸುಮಾರು ಅರ್ಧ ಮಾತ್ರ ಸಿಮೆಂಟಿನೊಂದಿಗೆ ಕೂಡಿ ಕಲ್ಲಾಗುತ್ತದೆ. ಉಳಿದದ್ದು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷದಾಚೆಗೂ, ನಿಧಾನವಾಗಿ ಹೊರಗೆ ಬರಲೇಬೇಕು. ಇಡೀ ಪಾಯದ ಗೋಡೆ ಮತ್ತು ನೆಲದ ಲೆಕ್ಕ ಹಾಕಿದರೆ ಬಾವಿಯಿಂದ ಕೊಡಗಟ್ಟಲೆ ಸೇದಿ ಗೋಡೆಯೊಳಗೆ ತುಂಬಿಟ್ಟ ಹಾಗಾಯಿತು. ನೆಲದಡಿಯ ಭಾಗದಲ್ಲಿ ಅದಕ್ಕೆ ಹೊರಗೆ ಹೋಗಲು ದಾರಿಯಿಲ್ಲ, ಆ ಕಡೆ ಹಸಿ ಮಣ್ಣು, ಮಣ್ಣಿಗೂ ಗೋಡೆಗೂ ನಡುವೆ ನೀರು ತಡೆಯುವ ಲೇಪ. ಹೋಗುವುದಿದ್ದರೆ ಒಳಗೇ ಹೋಗಬೇಕು. ಒಳಗೆ ಹತ್ತಿ, ಹತ್ತಿಯ ಮೇಲೆ ಪ್ಲಾಸ್ಟಿಕ್.

ನನ್ನ ಅಪ್ಪ ಮನೆ ಕಟ್ಟಿದ್ದು ನೆನಪಾಯಿತು. ಮಣ್ಣಿನ ಗೋಡೆ. ದೀಪಾವಳಿ ಕಳೆದ ಮೇಲೆ ಕೆಲಸ ಶುರು. ಮೊಣಕಾಲೆತ್ತರದ ಒಂದು ವರಸೆ ಹಾಕುವುದು, ಬಿಡುವುದು. ಗಾರೆಯವನು ಬೇರೆ ಊರಿಗೆ ಹೋಗಿ ಬೇರೆಯವರ ಕೆಲಸ ಮಾಡಿಕೊಂಡು ಹದಿನೈದು ದಿನಕ್ಕೆ ಬಂದು, ಗೋಡೆಗೆ ಬೆನ್ನ ಕೈ ಇಟ್ಟು ನೋಡಿ, ತಣ್ಣಗೆ ಹತ್ತಿದರೆ ಮಾತಾಡದೆ ಹೋಗಿಬಿಡುತ್ತಿದ್ದ. ಅಮ್ಮನಿಗೆ ರೇಗುತ್ತಿತ್ತು. ಎರಡು ಬೇಸಿಗೆ ಹಿಡಿಯಿತು ಆ ಮನೆಗೆ. ಮಳೆಗಾಲ ಬಂದಾಗ ಅರ್ಧ ಎದ್ದ ಗೋಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟಿದ್ದರು. ತಟ್ಟಿಗೂ ಗೋಡೆಗೂ ನಡುವೆ ಒಂದು ಗೇಣು ಜಾಗ ಬಿಟ್ಟಿದ್ದರು. ಗಾಳಿಯಾಡಲಿ ಅಂತ. ಆ ಗೇಣಿನಲ್ಲಿ ನಾವು ಮಕ್ಕಳು ಅಡಗಿಕೊಳ್ಳುತ್ತಿದ್ದೆವು. ಮಿಲ್ಟನ್ನಿನ ಮನೆಯ ಪಾಯ ಎದ್ದದ್ದು 2022ರ ಬೇಸಿಗೆಯಲ್ಲಿ, ಹೊದಿಕೆ ಬಿದ್ದದ್ದು ಅದೇ ಶರತ್ಕಾಲದಲ್ಲಿ. ಬೆನ್ನ ಕೈ ಇಟ್ಟು ನೋಡುವ ಮನುಷ್ಯ ಅಲ್ಲಿ ಯಾರೂ ಇದ್ದಹಾಗೆ ಕಾಣೆ.

ಇನ್ನು ಹುಡುಗ ಹೇಳಿದ ಉಳಿದರ್ಧ, ಕಿಟಕಿಯ ಮಾತು. ಇಬ್ಬನಿ ಹೇಗಾಗುತ್ತದೆಂದು ಇಪ್ಪತ್ತೈದು ಬ್ಯಾಚಿಗಾದರೂ ಪಾಠ ಮಾಡಿದವಳು ನಾನು. ಬಿಸಿ ಗಾಳಿ ಹೆಚ್ಚು ನೀರಾವಿ ಹೊರಬಲ್ಲದು, ತಣಿದರೆ ಹೊರಲಾರದೆ ಇಳಿಸಿಬಿಡುತ್ತದೆ. ಹೊರಗೆ 28 ಡಿಗ್ರಿ ಸೆಕೆ, ಸಾಪೇಕ್ಷ ಆರ್ದ್ರತೆ ಶೇಕಡಾ 65 ಎಂದಿಟ್ಟುಕೊಳ್ಳಿ. ಅಂಥ ಗಾಳಿ ಸುಮಾರು 21 ಡಿಗ್ರಿಗೆ ತಣಿದರೆ ಸಾಕು, ಹನಿಯಾಗುತ್ತದೆ. ನೆಲದಡಿಯ ಗೋಡೆ ಜುಲೈಯಲ್ಲೂ ಅದಕ್ಕಿಂತ ತಣ್ಣಗಿರುತ್ತದೆ. ಕಿಟಕಿ ತೆರೆದರೆ ಹೊರಗಿನ ನೀರನ್ನು ನಾವೇ ಕರೆದು ಗೋಡೆಗೆ ಬಳಿದ ಹಾಗೆ. ಒಣ ಚಳಿಗಾಲಕ್ಕೆ ಸರಿಯಾದ ಔಷಧ ಬೇಸಿಗೆಗೆ ವಿಷ. ಮಗಳಿಗೆ ಇದನ್ನು ಹೇಳಿದರೆ "ಅಮ್ಮ, ಅವರು ಕಟ್ಟಿದವರು, ಅವರಿಗೆ ಗೊತ್ತಿರಲ್ವಾ?" ಎಂದಳು. ವಾದ ಬೇಡವೆಂದು ಅಂಗಡಿಯಿಂದ ಆರ್ದ್ರತೆ ಅಳೆಯುವ ಅಂಗೈಯಗಲದ ಒಂದು ಮಾಪಕ ತರಿಸಿದೆ. ಕಿಟಕಿ ಮುಚ್ಚಿದ್ದಾಗ 71. ಮಧ್ಯಾಹ್ನ ಎರಡು ಗಂಟೆ ತೆರೆದಿಟ್ಟ ಮೇಲೆ 80. ಅಂಕಿ ನೋಡಿ ಮಗಳೇ ಎದ್ದುಹೋಗಿ ಕಿಟಕಿ ಮುಚ್ಚಿದಳು. ಆ ಜೂನಿನಲ್ಲಿ ಕಾಡ್ಗಿಚ್ಚಿನ ಹೊಗೆ ಟೊರೊಂಟೊದವರೆಗೂ ಬಂದು ಕವಿದದ್ದರಿಂದ ಕಿಟಕಿ ತೆರೆಯುವ ಆಸೆ ಹೇಗೂ ಯಾರಿಗೂ ಉಳಿಯಲಿಲ್ಲ.

ನಿಜವಾದ ತೊಡಕು ಎದ್ದದ್ದು ಆಮೇಲೆ.

ಒಂದು ರಾತ್ರಿ ಮೊಮ್ಮಗ ಮಲಗಿದ ಮೇಲೆ ಅಳಿಯ ಊಟದ ಮೇಜಿನ ಮೇಲೆ ಲೆಕ್ಕದ ಹಾಳೆ ಹರಡಿದರು. ಒಳ್ಳೆಯ ಮನುಷ್ಯ, ಅತ್ತೆಯೆದುರು ದನಿಯೆತ್ತಿದವರಲ್ಲ. ಸಾಲದ ಕಂತು ಎಷ್ಟಿದ್ದದ್ದು ಎಷ್ಟಾಗಿದೆ ಎಂದು ಅವತ್ತೇ ನನಗೆ ಗೊತ್ತಾದದ್ದು. ಕೆಳಗಿನ ಭಾಗಕ್ಕೆ ಹಲಗೆ ಹೊಡೆಸಿ, ಬಣ್ಣ ಹಚ್ಚಿಸಿ, ಸದ್ಯಕ್ಕೆ ಇಬ್ಬರು ವಿದ್ಯಾರ್ಥಿಗಳಿಗೆ ಬಾಡಿಗೆ ಕೊಟ್ಟರೆ ಕಂತಿಗೆ ಆಸರೆಯಾಗುತ್ತದೆ ಎಂಬುದು ಅವರ ಯೋಚನೆ. "ಎಲ್ಲರೂ ಹಾಗೇ ಮಾಡ್ತಾರೆ ಅತ್ತೆ. ಹಿಂದಿನ ಬೀದಿಯಲ್ಲಿ ಒಂದೊಂದು ಬೇಸ್‌ಮೆಂಟಿನಲ್ಲಿ ಐದಾರು ಹುಡುಗರಿದ್ದಾರೆ. ನೀವು ಬರೋ ಹೊತ್ತಿಗೆ ಖಾಲಿ ಮಾಡಿಸ್ತೀವಿ."

"ಹೊದಿಕೆ?" ಎಂದೆ.

"ಹಲಗೆ ಹೊಡೆದ ಮೇಲೆ ಅದು ಕಾಣಲ್ಲ."

ಮಗಳು ತಲೆ ತಗ್ಗಿಸಿ ಕೂತಿದ್ದಳು. ನನ್ನ ಕೋಣೆಯನ್ನು ಬಾಡಿಗೆಗೆ ಕೊಡುವ ಮಾತು ಅವಳಿಗೆ ಕಷ್ಟ, ನನಗಲ್ಲ. ನಾನಿರುವುದು ಸಾಗರದಲ್ಲಿ, ಖಾಲಿ ಕೋಣೆ ಯಾರಿಗೆ ಬೇಕು? ನನ್ನ ಕಣ್ಣ ಮುಂದೆ ಬಂದದ್ದು ಬೇರೆ. ನಮ್ಮ ಶಾಲೆಯಲ್ಲಿ ಓದಿದ ಹುಡುಗನೊಬ್ಬ ಆ ವರ್ಷವೇ ತೋಟ ಅಡವಿಟ್ಟು ಕೆನಡಾದ ಕಾಲೇಜಿಗೆ ಬಂದಿದ್ದ. ಹೊರಡುವ ಮುಂಚೆ ನಮಸ್ಕಾರ ಮಾಡಲು ಬಂದಾಗ, ಎಲ್ಲಿ ಉಳಿಯುತ್ತೀಯೋ ಎಂದು ಕೇಳಿದ್ದಕ್ಕೆ "ಯಾವುದೋ ಬೇಸ್‌ಮೆಂಟು ಟೀಚರ್, ಕಡಿಮೆಗೆ ಸಿಕ್ಕಿದೆ" ಎಂದಿದ್ದ. ಬೇಸ್‌ಮೆಂಟು ಎಂದರೇನೆಂದು ಆಗ ನಾನು ಕಂಡಿರಲಿಲ್ಲ. ಹಲಗೆಯ ಹಿಂದೆ ಒಂದೂವರೆ ಆಳೆತ್ತರದ ಒದ್ದೆ ಹಾಸಿಗೆ, ಅದರಲ್ಲಿ ಬೂಷ್ಟು, ಅದಕ್ಕೆ ತಾಗಿ ಮಂಚ, ಮಂಚದ ಮೇಲೆ ಚಳಿಗಾಲ ಪೂರ್ತಿ ಕಿಟಕಿ ಮುಚ್ಚಿಕೊಂಡು ಮಲಗಿದ ಯಾರದೋ ಮನೆಯ ಮಗು. ಉಬ್ಬಸವೆಂದರೇನೆಂದು ಇವರನ್ನು ಹತ್ತು ವರ್ಷ ನೋಡಿಕೊಂಡವಳಿಗೆ ಗೊತ್ತು.

"ನೀವು ಬಾಡಿಗೆಗೆ ಕೊಡಿ, ನನ್ನದೇನೂ ಅಡ್ಡಿಯಿಲ್ಲ. ಗೋಡೆ ಒಣಗಿದ ಮೇಲೆ ಕೊಡಿ," ಎಂದೆ. "ಒಣಗುವ ತನಕದ ಕಂತಿಗೆ ಕಡಿಮೆ ಬಿದ್ದರೆ ನನ್ನ ಜಿ.ಪಿ.ಎಫ್. ಇದೆ."

ಅಳಿಯ ಹಾಳೆ ಮಡಿಸಿದರು. ದುಡ್ಡು ಬೇಡವೆಂದರು. ಅವತ್ತು ಮತ್ತೆ ಯಾರೂ ಮಾತಾಡಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ತಾವೇ ಹೋಗಿ ಡಿಹ್ಯೂಮಿಡಿಫೈಯರ್ ಎಂಬ ಯಂತ್ರ ತಂದಿಟ್ಟಿದ್ದರು. ಒಳಗಿನ ಗಾಳಿಯನ್ನು ಎಳೆದು, ತಣ್ಣನೆಯ ಕೊಳವೆಗಳ ಮೇಲೆ ಹಾಯಿಸಿ, ನೀರನ್ನು ಬಕೆಟ್ಟಿಗೆ ಇಳಿಸುವ ಯಂತ್ರ. ಅಂದರೆ ಗೋಡೆಯ ಮೇಲಾಗುವ ಇಬ್ಬನಿಯನ್ನು ಬಕೆಟ್ಟಿನಲ್ಲಿ ಆಗುವಂತೆ ಮಾಡುವುದು, ಅಷ್ಟೆ. ಬಕೆಟ್ಟು ಆರು ಲೀಟರಿನದು. ಮೊದಲ ವಾರ ದಿನಕ್ಕೆ ಎರಡು ಸಲ, ಒಂದೊಂದು ದಿನ ಮೂರು ಸಲ ತುಂಬಿತು. ನಾನು ಅದನ್ನು ಹೊತ್ತು ಮೆಟ್ಟಿಲು ಹತ್ತಿ ಹಿತ್ತಲಿನ ಟೊಮೆಟೊ ಗಿಡಕ್ಕೆ ಸುರಿಯುತ್ತಿದ್ದೆ.

ಅದೇ ದಿನ ಮೊಮ್ಮಗನ ಗೀರುವ ಪುಸ್ತಕವೊಂದನ್ನು ಇಸಿದುಕೊಂಡು ಗೆರೆ ಹಾಕಿದೆ. ತಾರೀಕು, ಬಿಸಿಲೋ ಮಳೆಯೋ, ಬೆಳಗಿನ ಆರ್ದ್ರತೆ, ಸಂಜೆಯ ಆರ್ದ್ರತೆ, ಬಕೆಟ್ಟು ಎಷ್ಟು, ಯಾವ ಗೋಡೆ ಎಲ್ಲಿ ಒದ್ದೆ. ಮೂವತ್ತು ವರ್ಷ ಹಾಜರಿ ಪುಸ್ತಕ ಬರೆದವಳಿಗೆ ಇದೇನು ಮಹಾ? ಆದರೆ ಇದರ ಹಿಂದೆ ಒಂದು ಕಾರಣವೂ ಇತ್ತು. ಒಂಟಾರಿಯೊದಲ್ಲಿ ಹೊಸ ಮನೆಗಳಿಗೆ 1976ರಿಂದ ವಾರಂಟಿಯ ಕಾನೂನಿದೆ. ಸಾಮಾನ್ಯ ಕೆಲಸದ ದೋಷಗಳಿಗೆ ಒಂದು ವರ್ಷ, ಪಾಯದ ಗೋಡೆಯಿಂದ ನೀರು ಒಳಬಂದರೆ ಎರಡು ವರ್ಷ, ಮನೆಯ ಮೂಲ ಕಟ್ಟಡಕ್ಕೇ ದೊಡ್ಡ ದೋಷವಿದ್ದರೆ ಏಳು ವರ್ಷ. ಒಳ್ಳೆಯ ಕಾನೂನು. ಆದರೆ ಮನೆಯವರು ಸರಿಯಾಗಿ ಗಾಳಿಯಾಡಿಸದೆ ಆದ ತೇವಕ್ಕೆ, ಇಬ್ಬನಿಗೆ ಅದು ಅನ್ವಯಿಸುವುದಿಲ್ಲ. ಹಾಗಾದರೆ ಈ ಗೋಡೆಯ ನೀರು ಯಾವುದು? ಹೊರಗಿನಿಂದ ಬಂದದ್ದೋ, ಒಳಗೆ ಆದದ್ದೋ? ಹೇಳುವವರು ಯಾರು? ಬಾಯಿಮಾತಿಗೆ ಬೆಲೆಯಿಲ್ಲ, ತಾರೀಕಿಗೆ ಇದೆ.

ಮೆಟ್ಟಿಲ ಕೆಳಗೆ ಹೊದಿಕೆ ಹಾಕದ ಒಂದು ತುಂಡು ಗೋಡೆಯಿತ್ತು. ಅಡಿಗೆಮನೆಯ ಅಲ್ಯೂಮಿನಿಯಂ ಹಾಳೆಯನ್ನು ಒಂದು ಚದರ ಅಡಿ ಕತ್ತರಿಸಿ, ನಾಲ್ಕೂ ಅಂಚಿಗೆ ಟೇಪು ಹಚ್ಚಿ ಅಲ್ಲಿ ಅಂಟಿಸಿದೆ. ಎರಡು ದಿನ ಬಿಟ್ಟು ಬಿಚ್ಚಿದರೆ ಹಾಳೆಯ ಮುಂಭಾಗ ಒಣ, ಹಿಂಭಾಗ ಒದ್ದೆ. ಕೋಣೆಯ ಗಾಳಿಯಿಂದ ಆದ ಇಬ್ಬನಿಯಾಗಿದ್ದರೆ ಮುಂಭಾಗ ಒದ್ದೆಯಾಗಬೇಕಿತ್ತು. ಕಾಂಕ್ರೀಟು ತಾನೇ ಬೆವರುತ್ತಿದೆ ಎಂದಾಯಿತು. ಮಗಳು ಅದರ ಚಿತ್ರ ತೆಗೆದಳು.

ನಾಲ್ಕು ವಾರದ ಪುಸ್ತಕವನ್ನು ಒಟ್ಟಿಗೆ ಓದಿದಾಗ ಗೋಡೆಗಳಿಗೆ ಒಂದೊಂದು ಸ್ವಭಾವ ಇರುವುದು ಕಂಡಿತು, ಮಕ್ಕಳಿಗಿರುವ ಹಾಗೆ. ದಕ್ಷಿಣದ ಗೋಡೆಯ ಮೇಲ್ಭಾಗ ಬಿಸಿಲಿನ ಗೋಡೆ. ಮಳೆ ಬಂದ ದಿನ ಸುಮ್ಮನಿದ್ದು, ಚೆನ್ನಾಗಿ ಬಿಸಿಲು ಕಾದ ಮಧ್ಯಾಹ್ನ ಹನಿಯುತ್ತಿತ್ತು. ನೆಲದಿಂದ ಮೇಲಿದ್ದ ಕಾಂಕ್ರೀಟು ಕಾದು ತನ್ನೊಳಗಿನ ನೀರನ್ನು ಒಳಕ್ಕೆ ತಳ್ಳುತ್ತದೆ, ಅದು ಹತ್ತಿ ದಾಟಿ ತಣ್ಣನೆಯ ಪ್ಲಾಸ್ಟಿಕ್ಕಿಗೆ ತಾಗಿ ಹನಿಯಾಗುತ್ತದೆ. ಪೂರ್ವದ ಗೋಡೆ ಯಾವ ತಕರಾರೂ ಇಲ್ಲದ್ದು. ವಾಯವ್ಯ ಮೂಲೆ ಮಾತ್ರ ಬೇರೆಯೇ ಜಾತಿ. ಬಿಸಿಲಿಗೆ ಅದಕ್ಕೆ ಸಂಬಂಧವೇ ಇಲ್ಲ. ಪ್ರತಿ ಸಲವೂ ಜೋರು ಮಳೆಯಾದ ಮರುದಿನ, ಬುಡದ ಎರಡು ಅಡಿ ಒದ್ದೆ. ಇದು ಬೆವರಲ್ಲ, ಸೋರುವಿಕೆ.

ಸೋರುವಿಕೆ ಎಂದ ಮೇಲೆ ನಮ್ಮ ಕಡೆಯವರು ಒಳಗೆ ನೋಡುವುದಿಲ್ಲ, ಹೊರಗೆ ಹೋಗಿ ಸೂರು ನೋಡುತ್ತಾರೆ. ಒಂದು ಮಳೆಯಲ್ಲಿ ಕೊಡೆ ಹಿಡಿದು ಮನೆಗೆ ಒಂದು ಸುತ್ತು ಬಂದೆ. ಇಡೀ ಮಾಡಿನ ಆ ಪಾರ್ಶ್ವದ ನೀರು ಕೊಳವೆಯಲ್ಲಿಳಿದು ಸರಿಯಾಗಿ ಅದೇ ಮೂಲೆಯ ಬುಡಕ್ಕೆ ಬೀಳುತ್ತಿತ್ತು. ತುಂಬಿದ ಹೊಸ ಮಣ್ಣು ಒಂದು ಚಳಿಗಾಲದಲ್ಲಿ ಕುಸಿದು ಅಲ್ಲೊಂದು ಹೊಂಡ, ನೀರು ಗೋಡೆಯ ಕಡೆಗೇ ಮುಖ ಮಾಡಿ ನಿಂತಿತ್ತು. ಪಾಯದ ತಳದಲ್ಲಿ ಸುತ್ತಲೂ ತೂತಿನ ಕೊಳವೆ ಹೂತಿರುತ್ತಾರಂತೆ, ತೋಟದ ಬಸಿಗಾಲುವೆಯ ಕೆಲಸ ಮಾಡುವುದಕ್ಕೆ. ಅಲ್ಲಿನವರು ಅದನ್ನು ಕರೆಯುವ ಹೆಸರಿಗೆ ಕನ್ನಡದಲ್ಲಿ 'ಅಳುವ ಹೆಂಚು' ಎನ್ನಬಹುದು. ಹೆಸರೇನೋ ಚೆಂದ. ಆದರೆ ಮಾಡಿನ ನೀರನ್ನೆಲ್ಲ ಅದರ ತಲೆಯ ಮೇಲೇ ಸುರಿದರೆ ಅದಾದರೂ ಎಷ್ಟು ಅತ್ತೀತು?

ಗುದ್ದಲಿ ಸಿಕ್ಕಿದ್ದರೆ ಅರ್ಧ ಗಂಟೆಯಲ್ಲಿ ಕಾಲುವೆ ಹೊಡೆದು ನೀರನ್ನು ರಸ್ತೆಗೆ ತಿರುಗಿಸುತ್ತಿದ್ದೆ. ಮಗಳು ಬಿಡಲಿಲ್ಲ. ಮನೆಯ ಸುತ್ತಲ ನೆಲದ ಇಳಿಜಾರನ್ನು ಪಟ್ಟಣದವರು ಪರೀಕ್ಷಿಸಿ ಒಪ್ಪುವ ಮೊದಲು ಮನೆಯವರು ಮುಟ್ಟಬಾರದಂತೆ. ಕೊನೆಗೆ ಕೊಳವೆಯ ಬಾಯಿಗೆ ಆರಡಿ ಉದ್ದದ ಇನ್ನೊಂದು ಕೊಳವೆ ಸಿಕ್ಕಿಸಿ ನೀರು ದೂರ ಬೀಳುವ ಹಾಗೆ ಮಾಡಿದೆವು. ಸೀರೆ ಎತ್ತಿ ಕಟ್ಟಿ ಮಳೆಯಲ್ಲಿ ಕೊಳವೆ ಹಿಡಿದು ನಿಂತ ನನ್ನನ್ನು ಪಕ್ಕದ ಮನೆಯ ಪಂಜಾಬಿ ಅಜ್ಜ ತಮ್ಮ ಗ್ಯಾರೇಜಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ನೋಡುತ್ತಿದ್ದರು.

ಅವರ ಪರಿಚಯವಾದದ್ದು ಹಾಗೆ. "ಭೆಹೆನ್‌ಜೀ, ನಿಮ್ಮಲ್ಲೂ ನೀರೇ?" ಎಂದು ಹಿಂದಿಯಲ್ಲಿ ಕೇಳಿದರು. ಅವರದ್ದೂ ಅದೇ ಅಚ್ಚಿನ ಮನೆ, ಅದೇ ಹೊದಿಕೆ. ವ್ಯತ್ಯಾಸ ಇಷ್ಟೇ, ಅವರ ಮಗ ಆಗಲೇ ಹಲಗೆ ಹೊಡೆಸಿ ಅಪ್ಪ ಅಮ್ಮನನ್ನು ಕೆಳಗೆ ಇಳಿಸಿದ್ದ. ಆ ಬೀದಿಯ ಮುದುಕರಲ್ಲಿ ಹೆಚ್ಚಿನವರು ನೆಲದ ಕೆಳಗಿನವರೇ ಎಂದು ನನಗೆ ಆಮೇಲೆ ತಿಳಿಯಿತು. ಮೇಲಿನ ಕೋಣೆಗಳು ಮಕ್ಕಳು ಮೊಮ್ಮಕ್ಕಳಿಗೆ. ಅದರಲ್ಲಿ ನಿಷ್ಠುರವೇನೂ ಇಲ್ಲ, ಮೆಟ್ಟಿಲು ಹತ್ತುವುದು ತಪ್ಪುತ್ತದೆ, ಸದ್ದಿಲ್ಲ, ತಮ್ಮದೇ ಟಿ.ವಿ. ಇಟ್ಟುಕೊಳ್ಳಬಹುದು. ನಾನು ಗೋಡೆಯ ಕಥೆ ಹೇಳಿದಾಗ ಅಜ್ಜ ಗಡ್ಡ ನೀವಿಕೊಂಡು ಹೇಳಿದರು: "ಒಣಗದ ಗೋಧಿಯನ್ನು ತಗಡಿನ ಕಣಜಕ್ಕೆ ತುಂಬಿ ಮುಚ್ಚಳ ಹಾಕಿದ್ದಾರೆ." ನಾನು ಹಸಿ ಅಡಿಕೆಯನ್ನು ಗೋಣಿಗೆ ತುಂಬಿದ ಹಾಗೆ ಎಂದುಕೊಳ್ಳುತ್ತಿದ್ದೆ. ಇಬ್ಬರೂ ಹೇಳಿದ್ದು ಒಂದೇ. ತಮ್ಮ ಹಲಗೆಯ ಹಿಂದೆ ಏನಿದೆಯೋ ಅವರಿಗೆ ಗೊತ್ತಿಲ್ಲ. ಹೆಂಡತಿಗೆ ಬೆಳಗಿನ ಹೊತ್ತು ಕೆಮ್ಮು ಎಂದು ಮಾತ್ರ ಹೇಳಿದರು. ಆರ್ದ್ರತೆಯ ಮಾಪಕವನ್ನು ಎರಡು ದಿನ ಅವರಿಗೆ ಕೊಟ್ಟೆ. 77 ಎಂದು ಚೀಟಿ ಬರೆದು ವಾಪಸು ಕಳಿಸಿದರು. ಅವರ ಮಗ ಆ ವಾರವೇ ಒಂದು ಯಂತ್ರ ತಂದ.

ಜುಲೈ ಕೊನೆಯಲ್ಲಿ ಪುಸ್ತಕದ ಪುಟಗಳು, ಹಾಳೆಯ ಚಿತ್ರ, ಮೂಲೆಯ ಹೊಂಡದ ಚಿತ್ರ ಎಲ್ಲವನ್ನೂ ಸೇರಿಸಿ ವಾರಂಟಿಯವರ ನಮೂನೆಯಲ್ಲಿ ಮಗಳು ಅರ್ಜಿ ಹಾಕಿದಳು. ಪ್ರತಿಯನ್ನು ಕಟ್ಟಿದವರಿಗೂ ಕಳಿಸಿದಳು. ಈ ಸಲ ಬಂದದ್ದು ಹುಡುಗನಲ್ಲ, ತಲೆ ನೆರೆತ ಒಬ್ಬ ಮೇಸ್ತ್ರಿ. ಆತ ಟ್ಯಾಬ್ಲೆಟ್ ತೆಗೆಯಲಿಲ್ಲ. ಪುಸ್ತಕ ಕೇಳಿ ಇಸಿದುಕೊಂಡು, ಮೆಟ್ಟಿಲ ಮೇಲೆ ಕೂತು ಪುಟ ಪುಟವೂ ನೋಡಿದ. ಆಮೇಲೆ ವಾಯವ್ಯ ಮೂಲೆಗೆ ಹೋಗಿ ಚಾಕುವಿನಿಂದ ಪ್ಲಾಸ್ಟಿಕ್ ಸೀಳಿ, ಒದ್ದೆ ಹತ್ತಿಯನ್ನು ಎಳೆದು ಹಾಕಿದ. ಹಿಂದೆ ಗೋಡೆಯಲ್ಲಿ ಕೂದಲೆಳೆಯಂಥ ಒಂದು ಬಿರುಕು, ಮೇಲಿಂದ ಕೆಳಗಿನವರೆಗೆ, ಅದರ ಗುಂಟ ಬಿಳಿ ಉಪ್ಪಿನ ಗೆರೆ. ಕಾಂಕ್ರೀಟು ಒಣಗಿ ಕುಗ್ಗುವಾಗ ಬೀಳುವ ಬಿರುಕಂತೆ. ಬೆನ್ನ ಕೈಯನ್ನು ಗೋಡೆಗಿಟ್ಟು ನೋಡಿದ. ನನಗೆ ಅಷ್ಟು ಸಾಕಾಯಿತು.

ನಾನು ಆಗಸ್ಟ್ ಮೊದಲ ವಾರ ಊರಿಗೆ ಬಂದೆ. ಉಳಿದದ್ದನ್ನು ಫೋನಿನಲ್ಲಿ ಕೇಳಿದ್ದು. ಬಿರುಕಿಗೆ ಸೂಜಿಯಿಂದ ಔಷಧ ಚುಚ್ಚಿದ ಹಾಗೆ ರಾಳ ತುಂಬಿಸಿ ಮುಚ್ಚಿದರು. ಹೊಂಡ ತುಂಬಿ ನೆಲಕ್ಕೆ ಹೊರಮುಖದ ಇಳಿಜಾರು ಕೊಟ್ಟರು. ಆ ಒಂದು ಗೋಡೆಯ ಹೊದಿಕೆಯನ್ನು ಹೊಸದಾಗಿ ಹಾಕಿಕೊಡಲು ಒಪ್ಪಿದರು. ದಕ್ಷಿಣದ ಗೋಡೆಯ ಬೆವರಿಗೆ ಮಾತ್ರ ತಾವು ಜವಾಬ್ದಾರರಲ್ಲ ಎಂದರು. ನಿಯಮದ ಪ್ರಕಾರ ಸರಿಯಿರಬಹುದು. ಒಣಗದ ಗೋಡೆಗೆ ಹೊದಿಕೆ ಹೊದಿಸಿದವರು ಯಾರು ಎಂಬ ಪ್ರಶ್ನೆಗೆ ನಮೂನೆಯಲ್ಲಿ ಕಾಲಂ ಇರಲಿಲ್ಲ. ಅದು ಅನ್ಯಾಯವೆಂದೇ ನನಗೆ ಈಗಲೂ ಅನ್ನಿಸುತ್ತದೆ.

ಹೊಸ ಹೊದಿಕೆಯನ್ನು ತಕ್ಷಣ ಹಾಕಬೇಡಿ ಎಂದು ಮಗಳೇ ಹೇಳಿದಳಂತೆ. ಅಳಿಯ ಒಂದು ಶನಿವಾರ ಮುಖಕ್ಕೆ ಬಟ್ಟೆ ಕಟ್ಟಿ, ಕೈಗವಸು ಹಾಕಿ (ಆ ಗಾಜಿನ ಹತ್ತಿ ಮೈಗೆ ತಾಗಿದರೆ ತುರಿಕೆ, ನಮ್ಮ ತುರಚಿ ಸೊಪ್ಪಿನಷ್ಟೇ), ದಕ್ಷಿಣದ ಗೋಡೆಯದ್ದನ್ನೂ ಬಿಚ್ಚಿ ಹಾಕಿದರು. ಬರಿಗೋಡೆಯ ಚಳಿಗಾಲ ಕಳೆದರು. ಬಿಸಿಗಾಳಿಯ ಖರ್ಚು ಹೆಚ್ಚಾಯಿತು. ಬಾಡಿಗೆಯೂ ಇಲ್ಲ. ನಾನು ಮೂರು ಸಲ ದುಡ್ಡು ಕಳಿಸುತ್ತೇನೆಂದರೂ ಒಪ್ಪಲಿಲ್ಲ. ನಾಲ್ಕನೆಯ ಸಲ ಮೊಮ್ಮಗನ ಹುಟ್ಟಿದ ಹಬ್ಬಕ್ಕೆಂದು ಕಳಿಸಿದ್ದನ್ನು ವಾಪಸು ಮಾಡುವ ಹಾಗಿರಲಿಲ್ಲ. 2024ರ ಫೆಬ್ರವರಿಯಲ್ಲಿ ಆರ್ದ್ರತೆ 31, ಗೋಡೆಯ ಬಣ್ಣ ಕಪ್ಪು ಬೂದಿಯಿಂದ ತಿಳಿ ಬೂದಿಗೆ ತಿರುಗಿತ್ತು. ಅಲ್ಯೂಮಿನಿಯಂ ಹಾಳೆ ಹಚ್ಚಿ ನೋಡಿದರೆ ಎರಡೂ ಕಡೆ ಒಣ.

ಆ ಮೇ ತಿಂಗಳಲ್ಲಿ ಪಟ್ಟಣದ ಕಚೇರಿಯ ಪರವಾನಗಿ ಪಡೆದು ಕೆಲಸ ಮಾಡಿಸಿದರು. ಈ ಸಲ ಮೊದಲು ಎರಡು ಅಂಗುಲ ದಪ್ಪದ ಗಟ್ಟಿ ಫೋಮಿನ ಹಲಗೆಗಳನ್ನು ಕಾಂಕ್ರೀಟಿಗೇ ಸಂದಿಲ್ಲದೆ ಅಂಟಿಸಿ, ಕೂಡುವಲ್ಲೆಲ್ಲ ಟೇಪು ಹಚ್ಚಿದರು. ಕೋಣೆಯ ಗಾಳಿ ತಣ್ಣನೆಯ ಗೋಡೆಗೆ ತಾಗುವುದೇ ಬೇಡ ಎಂದು. ಅದರ ಮುಂದೆ ಮರದ ಚೌಕಟ್ಟು, ಒಣ ಹತ್ತಿ, ಹಲಗೆ. ಪ್ಲಾಸ್ಟಿಕ್ ಹಾಳೆ ಹಾಕಲಿಲ್ಲ. ಫೋಮೇ ಆ ಕೆಲಸ ಮಾಡುತ್ತದೆ, ಮತ್ತೆ ಎಂದಾದರೂ ಒಳಗೆ ತೇವ ಸಿಕ್ಕಿಕೊಂಡರೆ ಈ ಕಡೆಗೆ ಒಣಗಲು ದಾರಿಯಿರಬೇಕಲ್ಲ. ಗವಾಕ್ಷಿಯಂಥ ಕಿಟಕಿಯೊಂದನ್ನು ಒಡೆಸಿ ಮನುಷ್ಯರು ದಾಟಿ ಹೊರಗೆ ಬರುವಷ್ಟು ದೊಡ್ಡದು ಮಾಡಿಸಿದರು. ಕೋಣೆಯ ಬಣ್ಣ ಯಾವುದಿರಲಿ ಎಂದು ಮಗಳು ಕೇಳಿದಳು. ಬಣ್ಣ ಯಾವುದಾದರೂ ಹಚ್ಚು, ಮಂಚವನ್ನು ಹೊರಗೋಡೆಗೆ ತಾಗಿಸಬೇಡ, ಒಂದು ಗೇಣು ಬಿಡು ಎಂದೆ.

ನನ್ನ ನಿವೃತ್ತಿ ಇನ್ನೂ ಆಗಿಲ್ಲ. ಆದ ಮೇಲೆ ಏನು ಮಾಡುತ್ತೇನೆಂದು ಮಗಳಿಗೆ ನಾನು ಮಾತು ಕೊಟ್ಟಿಲ್ಲ, ಅವಳು ಕೇಳುವುದನ್ನು ಬಿಟ್ಟೂ ಇಲ್ಲ. ಸದ್ಯ ಆ ಕೋಣೆಯಲ್ಲಿ ನರ್ಸಿಂಗ್ ಓದುವ ಒಬ್ಬ ಹುಡುಗಿ ಬಾಡಿಗೆಗಿದ್ದಾಳೆ, ಕೇರಳದವಳು. ಮಳೆಯ ನಾಡಿನವಳಾದ್ದರಿಂದ ಅವಳಿಗೆ ಹೆಚ್ಚು ಹೇಳಬೇಕಾಗಲಿಲ್ಲವಂತೆ. ಮೆಟ್ಟಿಲ ಪಕ್ಕ ಮೊಳೆಗೆ ತೂಗುಹಾಕಿದ್ದ ಪುಸ್ತಕ ನೋಡಿ, ಇದೇನೆಂದು ಕೇಳಿ, ತಾನೇ ಬರೆಯಲು ಶುರು ಮಾಡಿದ್ದಾಳೆ. ಭಾನುವಾರಕ್ಕೊಮ್ಮೆ ಮಗಳು ಆ ಪುಟದ ಚಿತ್ರ ಕಳಿಸುತ್ತಾಳೆ. ಕಳೆದ ಜುಲೈಯ ಅತಿ ಸೆಕೆಯ ವಾರದಲ್ಲಿ ಬೆಳಿಗ್ಗೆ 49, ಸಂಜೆ 52, ಬಕೆಟ್ಟು ಎರಡು ದಿನಕ್ಕೊಂದು. ಷರಾ ಎಂದು ನಾನು ಗೆರೆ ಹಾಕಿಟ್ಟಿದ್ದ ಕೊನೆಯ ಕಾಲಂನಲ್ಲಿ, ದುಂಡನೆಯ ಅಕ್ಷರದಲ್ಲಿ, ಟೊಮೆಟೊ ಗಿಡ ಹೂ ಬಿಟ್ಟಿದೆ ಎಂದು ಬರೆದಿದ್ದಳು.